ಮೂಲೆಯಲ್ಲಿ ಮುದುಡಿ ಕೂತ ಹುಡುಗಿಯ ಚಿತ್ರ ಇನ್ನು ಸಾಕು

ಅತ್ಯಾಚಾರದ ಸುದ್ದಿ ಬಂದಾಗೆಲ್ಲ ಅದರ ಜೊತೆ ಒಂದು ಚಿತ್ರವೂ ಬರುತ್ತದೆ. ಕನ್ನಡ ಪತ್ರಿಕೆಯಾಗಲಿ, ಮಲಯಾಳ ಚಾನೆಲ್ಲಾಗಲಿ, ಚಿತ್ರ ಹೆಚ್ಚುಕಮ್ಮಿ ಒಂದೇ. ಕತ್ತಲು ಕೋಣೆ. ಮೂಲೆಯಲ್ಲಿ ಮೊಣಕಾಲಿಗೆ ಮುಖ ಒತ್ತಿ ಕೂತ ಹುಡುಗಿ. ಕೆದರಿದ ಕೂದಲು. ಗೋಡೆಯ ಮೇಲೆ ದೊಡ್ಡ ಕೈಯೊಂದರ ನೆರಳು. ಕಾಸರಗೋಡಿನ ನಾವು ಎರಡೂ ಭಾಷೆಯ ಸುದ್ದಿ ನೋಡುವವರು. ಹಾಗಾಗಿ ಈ ಹುಡುಗಿ ನಮ್ಮ ಕಣ್ಣಿಗೆ ಜಾಸ್ತಿ ಬೀಳುತ್ತಾಳೆ. ಪ್ರತಿಭಟನೆಯ ಫ್ಲೆಕ್ಸಿನಲ್ಲಿ, ವಾಟ್ಸಾಪ್ ಸ್ಟೇಟಸ್ಸಿನಲ್ಲಿ, ಜಾಗೃತಿ ಕಾರ್ಯಕ್ರಮದ ಬ್ಯಾನರಿನಲ್ಲಿ ಇವಳೇ. ಶಾಲೆಯ ಚಿತ್ರಸ್ಪರ್ಧೆಯಲ್ಲಿ ಹೆಣ್ಣುಮಕ್ಕಳ ಸುರಕ್ಷತೆ ಅಂತ ವಿಷಯ ಕೊಟ್ಟು ನೋಡಿ, ಮಕ್ಕಳೂ ಇವಳನ್ನೇ ಬಿಡಿಸುತ್ತಾರೆ.

ಈ ಚಿತ್ರ ನೋಡಿದರೆ ನನಗೆ ಸಿಟ್ಟು ಬರುತ್ತದೆ. ಬಿಡಿಸುವ ಮಕ್ಕಳ ಮೇಲೆ ಖಂಡಿತ ಸಿಟ್ಟಿಲ್ಲ. ಅವರು ಕಂಡದ್ದನ್ನು ಬಿಡಿಸುತ್ತಾರೆ. ಸಿಟ್ಟು ಚಿತ್ರದ ಮೇಲೆ, ಯಾಕೆಂದರೆ ಅದು ಕರುಣೆ ತೋರಿಸುತ್ತಲೇ ಸುಳ್ಳು ಹೇಳುತ್ತದೆ.

ಆ ನೆರಳಿನಿಂದಲೇ ಶುರು ಮಾಡೋಣ. ನೆರಳು ಅಂದರೆ ಯಾರೋ ಗೊತ್ತಿಲ್ಲದವನು, ರಾತ್ರಿ ಎಲ್ಲಿಂದಲೋ ಬಂದವನು ಎಂದು ಅರ್ಥ. ಸರಕಾರದ ಅಂಕಿಅಂಶ ಬೇರೆಯೇ ಹೇಳುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಪ್ರಕಾರ 2022ರಲ್ಲಿ ದೇಶದಲ್ಲಿ ದಾಖಲಾದ ಅತ್ಯಾಚಾರ ಪ್ರಕರಣ 31,516. ಅದರಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಆರೋಪಿ ಆಕೆಗೆ ಗೊತ್ತಿರುವವನೇ. ನೆಂಟ, ನೆರೆಯವನು, ಗೆಳೆಯ, ಕೆಲಸ ಕೊಟ್ಟವನು. ಅಂದರೆ ಅವನಿಗೆ ಮುಖ ಇದೆ, ಹೆಸರಿದೆ, ಊರಿನ ಮದುವೆ ಮನೆಯಲ್ಲಿ ಅವನಿಗೆ ಊಟ ಬಡಿಸಿದ್ದೂ ಇದೆ. ಚಿತ್ರ ಅವನನ್ನು ನೆರಳು ಮಾಡಿ ಬಿಟ್ಟುಬಿಡುತ್ತದೆ.

ಮನೆಯೊಳಗಿನ ಹೊಡೆತವಂತೂ ಚಿತ್ರಕ್ಕೇ ಬರುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮದುವೆಯಾದ ಹೆಂಗಸರನ್ನು ಗಂಡನ ಹಿಂಸೆಯ ಬಗ್ಗೆ ಕೇಳಿದ್ದರು. ದೈಹಿಕ ಅಥವಾ ಲೈಂಗಿಕ ಹಿಂಸೆ ಆಗಿದೆ ಎಂದವರು ದೇಶದಲ್ಲಿ ಶೇ. 29, ಕರ್ನಾಟಕದಲ್ಲಿ ಶೇ. 44, ಕೇರಳದಲ್ಲಿ ಶೇ. 10ರ ಆಸುಪಾಸು. ಎರಡು ರಾಜ್ಯಗಳ ನಡುವೆ ಕಾಲಿಟ್ಟು ಬದುಕುವ ನಮಗೆ ಈ ಅಂತರ ಯೋಚನೆಗೆ ಹಚ್ಚಬೇಕು. ತಲಪಾಡಿಯ ಗಡಿ ಗೇಟು ದಾಟಿದ ಕೂಡಲೇ ಗಂಡಸಿನ ಕೈ ಇಷ್ಟು ಮೆತ್ತಗಾಗುತ್ತದೆ ಅಂತ ನನಗನ್ನಿಸುವುದಿಲ್ಲ. ಕೇಳಿದಾಗ ಬಾಯಿಬಿಡುವುದರಲ್ಲೂ ವ್ಯತ್ಯಾಸ ಇದ್ದೀತು. ಏನೇ ಇರಲಿ, ಗೇಟಿನ ಎರಡೂ ಕಡೆ ಗೋಡೆಯ ಮೇಲಿನ ಚಿತ್ರ ಒಂದೇ.

ಇನ್ನು ಆ ಹುಡುಗಿಯ ಮುಖ. ಅವಳು ಯಾಕೆ ಮುಖ ಮುಚ್ಚಿಕೊಂಡಿದ್ದಾಳೆ? ಅವಳ ಗುರುತು ಕಾಪಾಡಲು ಅಂತ ಹೇಳಬಹುದು. ಆದರೆ ಅದು ಬಿಡಿಸಿದ ಚಿತ್ರ, ಅಲ್ಲಿ ನಿಜವಾದ ಯಾರೂ ಇಲ್ಲ. ಮುಖ ಮುಚ್ಚಿದ್ದು ನಾಚಿಕೆಗೆ. ನಾಚಿಕೆ ಪಡಬೇಕಾದವಳು ಅವಳು ಎಂಬುದನ್ನು ಚಿತ್ರ ಕೇಳದೆಯೇ ಒಪ್ಪಿಕೊಂಡಿದೆ.

ಹೆಣ್ಣಿನ ಮೇಲಿನ ಹಿಂಸೆಯ ಬಗ್ಗೆ ಚಿತ್ರ, ಶಿಲ್ಪ, ವೇಷ, ಪ್ರದರ್ಶನ ಯಾವುದೇ ಬಂದರೂ ನಾನು ಮೊದಲು ನೋಡುವುದು ಇದನ್ನೇ: ನಮ್ಮನ್ನು ಎಲ್ಲಿ ನಿಲ್ಲಿಸಿದ್ದಾರೆ? ಅವಳ ಪಕ್ಕದಲ್ಲಾ, ಮೇಲೆ ಬಿದ್ದವನ ಪಕ್ಕದಲ್ಲಾ, ದೂರದಲ್ಲಿ ನಿಂತು ಅಯ್ಯೋ ಪಾಪ ಅನ್ನುವವರ ಸಾಲಿನಲ್ಲಾ? ಕಲೆಯ ಚರಿತ್ರೆಯಲ್ಲಿ ಈ ಜಾಗ ಬದಲಾದ ಬಗೆಯನ್ನು ನೋಡಿದರೆ ಇವತ್ತು ನಮ್ಮ ಊರಿನ ಗೋಡೆಗೆ ಏನು ಬೇಕು ಅನ್ನುವುದೂ ತಿಳಿಯುತ್ತದೆ.

ಯುರೋಪಿನ ಚಿತ್ರಕಾರರಿಗೆ ಸುಸಾನ್ನಾಳ ಕಥೆ ಬಹಳ ಇಷ್ಟದ್ದು. ಬೈಬಲಿನ ಕಾಲದ ಹೆಂಗಸು. ತೋಟದಲ್ಲಿ ಮೀಯುತ್ತಿದ್ದಾಗ ಇಬ್ಬರು ಹಿರಿಯರು ಕದ್ದು ನೋಡುತ್ತಾರೆ. ನಮ್ಮ ಜೊತೆ ಮಲಗು, ಇಲ್ಲದಿದ್ದರೆ ನಿನ್ನ ಮೇಲೆ ಹಾದರದ ಆರೋಪ ಹೊರಿಸುತ್ತೇವೆ ಎಂದು ಹೆದರಿಸುತ್ತಾರೆ. ಇಟಲಿಯ ತಿಂತೊರೆತ್ತೊ ಸುಮಾರು 1555ರಲ್ಲಿ ಇದನ್ನು ಬರೆದಾಗ ಸುಸಾನ್ನಾ ನೆಮ್ಮದಿಯಾಗಿ ಕನ್ನಡಿ ನೋಡುತ್ತ ಕೂತಿದ್ದಾಳೆ. ಬೆಳಕೆಲ್ಲ ಅವಳ ಮೈಮೇಲೆ. ಮುದುಕರು ಬೇಲಿಯ ಮರೆಯಲ್ಲಿ. ನೋಡುವ ನಾವೂ ಅವರ ಜೊತೆ ಇಣುಕುವವರೇ. 1610ರಲ್ಲಿ ಅದೇ ಕಥೆಯನ್ನು ರೋಮಿನ ಆರ್ತೆಮೀಸಿಯಾ ಜೆಂತಿಲೆಸ್ಕಿ ಬರೆದಳು. ಆಗ ಅವಳಿಗೆ ಹದಿನೇಳು. ಅವಳ ಸುಸಾನ್ನಾ ಗಟ್ಟಿ ಕಲ್ಲುಬೆಂಚಿನ ಮೇಲೆ ಕೂತಿದ್ದಾಳೆ. ಮೈ ತಿರುಚಿಕೊಂಡು, ಮುಖ ಹಿಂಡಿಕೊಂಡು, ಎರಡೂ ಕೈ ಎತ್ತಿ ತಳ್ಳುತ್ತಿದ್ದಾಳೆ. ಮುದುಕರು ಮೇಲಿನಿಂದ ಬಾಗಿ ಮೈಮೇಲೇ ಬಿದ್ದಹಾಗಿದ್ದಾರೆ. ತೋಟ ಇಲ್ಲ, ಕನ್ನಡಿ ಇಲ್ಲ, ಚೆಂದ ನೋಡಲು ಬೇರೇನೂ ಇಲ್ಲ.

ಮುಂದಿನ ವರ್ಷ, 1611ರಲ್ಲಿ, ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ಅಗೊಸ್ತೀನೊ ತಾಸ್ಸಿ ಎಂಬ ಚಿತ್ರಕಾರ ಅವಳ ಮೇಲೆ ಅತ್ಯಾಚಾರ ಮಾಡಿದ. 1612ರ ವಿಚಾರಣೆ ತಿಂಗಳುಗಟ್ಟಲೆ ನಡೆಯಿತು. ನಿಜ ಹೇಳುತ್ತಿದ್ದಾಳೋ ಇಲ್ಲವೋ ಪರೀಕ್ಷಿಸಲು ಬೆರಳುಗಳಿಗೆ ಹಗ್ಗ ಬಿಗಿದು ಹಿಂಸಿಸಿದ್ದು ಅವಳನ್ನು, ಅವನನ್ನಲ್ಲ. ಬೆರಳೇ ಬದುಕಾಗಿದ್ದ ಚಿತ್ರಕಾರ್ತಿಗೆ! ಅವನಿಗೆ ಶಿಕ್ಷೆಯೇನೋ ಆಯಿತು, ಜಾರಿ ಮಾತ್ರ ಆಗಲಿಲ್ಲ. ಆಮೇಲೆ ಅವಳು ಜೂಡಿತ್ ಎಂಬವಳು ಶತ್ರು ಸೇನಾಪತಿಯ ತಲೆ ಕತ್ತರಿಸುವ ಚಿತ್ರ ಬರೆದಳು, ಒಂದಲ್ಲ, ಎರಡು ಸಲ. ಇಬ್ಬರು ಹೆಂಗಸರು ತೋಳು ಮಡಚಿ, ಬಲಹಾಕಿ ಆ ಕೆಲಸ ಮಾಡುತ್ತಿದ್ದಾರೆ. ಅದು ತಾಸ್ಸಿಯ ಮೇಲಿನ ಸೇಡು ಎಂದು ಹಲವರು ಓದುತ್ತಾರೆ. ನನಗೆ ಅಷ್ಟು ಸಲೀಸಾಗಿ ಹೇಳಲು ಮನಸ್ಸಿಲ್ಲ. ಸುಸಾನ್ನಾಳನ್ನು ಅವಳು ಬರೆದದ್ದು ಅತ್ಯಾಚಾರಕ್ಕಿಂತ ಮೊದಲು. ಗಂಡಸಿನ ಕಣ್ಣು ಮೈಮೇಲೆ ಬೀಳುವುದೆಂದರೆ ಏನು ಅನ್ನುವುದು ಹದಿನೇಳರ ಹುಡುಗಿಗೆ ಆಗಲೇ ಗೊತ್ತಿತ್ತು. ಅದನ್ನು ಬರೆಯುವ ಕಸುಬೂ ಗೊತ್ತಿತ್ತು. ಅವಳ ಎಲ್ಲ ಪ್ರತಿಭೆಯನ್ನೂ ತಾಸ್ಸಿಯ ಲೆಕ್ಕಕ್ಕೆ ಬರೆಯುವುದು ಅವಳಿಗೆ ಮಾಡುವ ಇನ್ನೊಂದು ಅನ್ಯಾಯ.

ನಮ್ಮ ಅಜ್ಜಿಯಂದಿರ ಮನೆಗೆ ಚಿತ್ರ ಅಂತ ಬಂದದ್ದು ರಾಜಾ ರವಿವರ್ಮನ ಮುದ್ರಣಗಳಿಂದ. 1894ರಲ್ಲಿ ಮುಂಬಯಿಯಲ್ಲಿ ಅವನ ಪ್ರೆಸ್ ಶುರುವಾದ ಮೇಲೆ ಲಕ್ಷ್ಮಿ ಸರಸ್ವತಿಯರ ಜೊತೆ ಪುರಾಣದ ಕಥೆಗಳೂ ಗೋಡೆಗೆ ಬಂದವು. ಕೀಚಕ ಮತ್ತು ಸೈರಂಧ್ರಿಯನ್ನು ಅವನು 1890ರಲ್ಲಿ ಬರೆದ. ಆಕೆ ಹೆದರಿ ಮುಖ ಮರೆಸಿಕೊಳ್ಳುತ್ತಾಳೆ, ಅವನು ಹತ್ತಿರ ಬರುತ್ತಾನೆ. ಕೈಚಳಕದಲ್ಲಿ ಎರಡು ಮಾತಿಲ್ಲ. ಆದರೆ ಆ ಹೆದರಿಕೆಯೇ ಅಲ್ಲಿ ಚೆಲುವಾಗಿ ಕಾಣುತ್ತದೆ. ಸೀರೆಯ ನೆರಿಗೆ, ಬಳುಕಿದ ಸೊಂಟ, ಬಗ್ಗಿದ ಕತ್ತು. ಭಯಪಟ್ಟ ಹೆಂಗಸು ನೋಡಲು ಚೆಂದ ಎಂಬ ಪಾಠ ನೂರು ವರ್ಷ ನಮ್ಮ ಚಾವಡಿಯಲ್ಲಿ ತೂಗಿತು. ಆಮೇಲೆ ಸಿನಿಮಾ ಪೋಸ್ಟರುಗಳು ಅದನ್ನೇ ಕಲಿತವು.

ಇದೇ ಕೀಚಕ ನಮ್ಮ ಯಕ್ಷಗಾನದಲ್ಲೂ ಇದ್ದಾನೆ. ಈ ಮಾತು ಕೆಲವರಿಗೆ ಬೇಸರ ತರಬಹುದು, ಆದರೂ ಹೇಳಲೇಬೇಕು. ಯಕ್ಷಗಾನ ನನಗೆ ಬಹಳ ಪ್ರೀತಿಯದ್ದು. ರಾಮಾಯಣವನ್ನು ಪ್ರಸಂಗಗಳಾಗಿ ಕಟ್ಟಿಕೊಟ್ಟ ಪಾರ್ತಿಸುಬ್ಬ ನಮ್ಮ ಕುಂಬಳೆಯವನು ಎಂಬ ಹೆಮ್ಮೆ ಇಲ್ಲಿ ಎಲ್ಲರಿಗೂ ಇದೆ. ಆದರೆ ಕೀಚಕವಧೆಯ ಆಟದಲ್ಲಿ ಕೀಚಕನ ಶೃಂಗಾರಕ್ಕೆ ಎಷ್ಟು ಹೊತ್ತು, ಸೈರಂಧ್ರಿಯ ದಿಗಿಲಿಗೆ ಎಷ್ಟು ಹೊತ್ತು? ಒಳ್ಳೆಯ ಕೀಚಕ ಎಂದರೆ ಕುಣಿತದಲ್ಲಿ, ನೋಟದಲ್ಲಿ ಸಭೆಯನ್ನು ಹಿಡಿದಿಡುವವನು. ಅವನು ದಾರಿಗೆ ಅಡ್ಡ ನಿಂತಾಗ ಶಿಳ್ಳೆ ಬೀಳುತ್ತದೆ. ಶೂರ್ಪನಖಿಯದ್ದು ಇನ್ನೂ ಕಷ್ಟದ ವಿಷಯ. ಮಾಯಾ ಶೂರ್ಪನಖಿಯಾಗಿ ಚೆಂದದ ಸ್ತ್ರೀವೇಷ ಬರುತ್ತದೆ, ಮೂಗು ಕೊಯ್ಯಿಸಿಕೊಂಡ ಮೇಲೆ ಹೆಣ್ಣುಬಣ್ಣ ಬರುತ್ತದೆ. ಕೆಂಪು ಕಪ್ಪು ಬರೆದ ಆ ದೊಡ್ಡ ಮುಖ ಬೊಬ್ಬೆ ಹೊಡೆಯುತ್ತ ರಾವಣನ ಒಡ್ಡೋಲಗಕ್ಕೆ ನುಗ್ಗುವಾಗ ಮಕ್ಕಳು ಹೆದರುತ್ತಾರೆ, ದೊಡ್ಡವರು ನಗುತ್ತಾರೆ. ಗಾಯವಾದವಳು ರಾಕ್ಷಸಿಯಾಗಿ, ನಗೆಯ ವಸ್ತುವಾಗಿ ಕಾಣುವ ಹಾಗೆ ಬಣ್ಣಗಾರಿಕೆಯೇ ಏರ್ಪಾಡು ಮಾಡಿದೆ.

ಹಾಗಂತ ಪ್ರಸಂಗ ಆಡಬೇಡಿ ಅನ್ನುತ್ತಿಲ್ಲ. ರಂಗದಲ್ಲಿ ಎಲ್ಲವೂ ವೇಷಧಾರಿಯ ಕೈಯಲ್ಲಿದೆ. ಸೈರಂಧ್ರಿ ಮಾಡುವವರು ಗಟ್ಟಿ ಇದ್ದರೆ, ಆಕೆಯ ಒಂದೊಂದು ಮಾತೂ ಸಭೆಗೆ ಚುಚ್ಚುವ ಹಾಗೆ ಅರ್ಥ ಹೇಳಿದರೆ ಅದೇ ದೃಶ್ಯ ತಲೆಕೆಳಗಾಗುತ್ತದೆ. ಶಿಳ್ಳೆ ಹೊಡೆದವನು ಕೈ ಇಳಿಸುತ್ತಾನೆ. ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ ಚಿತ್ರದ ಲೋಕದಲ್ಲಿ ಇಂಥದೇ ಕೆಲಸ ಮಾಡುತ್ತ ಬಂದಿದ್ದಾರೆ. ರವಿವರ್ಮನ ಶೈಲಿಯ ಪರದೆ ಕಟ್ಟಿ, ತಾವೇ ವೇಷ ಹಾಕಿ, ಆ ಹಳೆಯ ಚಿತ್ರಗಳ ಒಳಗೆ ಹೋಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಸೀತೆಯಾಗುತ್ತಾರೆ, ಶೂರ್ಪನಖಿಯೂ ಆಗುತ್ತಾರೆ. ಚಿತ್ರದೊಳಗಿನ ಹೆಂಗಸು ತಾನೇ ಕ್ಯಾಮೆರಾ ಇಡಿಸಿದವಳು ಎಂದು ಗೊತ್ತಾದಾಗ ನಮ್ಮ ನೋಟ ಮೊದಲಿನ ಹಾಗೆ ಹಾಯಾಗಿ ಇರುವುದಿಲ್ಲ.

ನಮ್ಮ ಜಿಲ್ಲೆಯ ತೆಂಕಣ ಭಾಗಕ್ಕೆ ಹೋದರೆ ಪೂರ್ತಿ ಬೇರೆಯೇ ಒಂದು ದಾರಿ ಕಾಣುತ್ತದೆ. ದೇವಿಯಾದ ಒಬ್ಬ ಹುಡುಗಿಯ ಕಥೆ ಅದು. ಬ್ರಾಹ್ಮಣ ಮನೆತನದ ಆ ಹುಡುಗಿ ದೊಡ್ಡ ವಿದ್ವಾಂಸೆ. ಪಂಡಿತರನ್ನೆಲ್ಲ ವಾದದಲ್ಲಿ ಸೋಲಿಸಿದಳು. ರಸಗಳಲ್ಲಿ ದೊಡ್ಡದು ಯಾವುದು ಎಂದು ಕೇಳಿದರು, ಕಾಮ ಎಂದಳು. ನೋವುಗಳಲ್ಲಿ ದೊಡ್ಡದು ಯಾವುದು ಎಂದು ಕೇಳಿದರು, ಹೆರಿಗೆ ನೋವು ಎಂದಳು. ಮದುವೆಯಾಗದ ಹುಡುಗಿಗೆ ಇದು ಹೇಗೆ ಗೊತ್ತು, ಇವಳು ಕೆಟ್ಟಿದ್ದಾಳೆ ಎಂದು ಊರಿನಿಂದ ಹೊರಗೆ ಹಾಕಿದರು. ಅವಳು ಕರಿವೆಳ್ಳೂರಿಗೆ ನಡೆದು ಬೆಂಕಿಗೆ ಬಿದ್ದಳು. ದಾರಿಯಲ್ಲಿ ಬಂದ ವಾಣಿಯ, ಅಂದರೆ ಗಾಣದವರ ಕುಲದವನ ಎಣ್ಣೆ ಆ ಬೆಂಕಿಗೆ ಬಿತ್ತು. ಅವಳೇ ಮುಚ್ಚಿಲೋಟ್ ಭಗವತಿ, ಆ ಕುಲದವರ ದೇವಿ.

ಅವಳ ತೆಯ್ಯಂ, ಅಂದರೆ ಭೂತಕೋಲದಂಥ ಆರಾಧನೆಯ ವೇಷ, ನೋಡಿದವರಿಗೆ ಗೊತ್ತು, ಅವಳು ಸುಟ್ಟ ಮೈಯಲ್ಲಿ ಬರುವುದಿಲ್ಲ. ಮದುಮಗಳ ಹಾಗೆ ಬರುತ್ತಾಳೆ. ಮುಖದ ಮೇಲೆ ಕುಟ್ಟಿಶಂಖುಂ ಪ್ರಾಕ್ಕುಂ ಎಂಬ ಬಗೆಯ ಬರಹ, ತೆಯ್ಯದ ಮುಖಗಳಲ್ಲೇ ಬಹಳ ನಾಜೂಕಿನದು. ಕೈಯಲ್ಲಿ ಪಂಜು. ನಡಿಗೆ ನಿಧಾನ. ತಲೆ ತಗ್ಗಿಸುವುದಿಲ್ಲ. ಹಿಂಸೆಗೆ ಒಳಗಾದವಳನ್ನು ಹೀಗೆ ಕಾಣಿಸಬಹುದು ಎಂದು ಈ ನೆಲದ ಜನ ಯಾವತ್ತೋ ಯೋಚಿಸಿದ್ದಾರೆ. ಜೊತೆಗೆ ತೋಟ್ಟಂ ಹಾಡಿನಲ್ಲಿ ಆರೋಪ ಹೊರಿಸಿದವರ ಕಥೆಯೂ ಬರುತ್ತದೆ. ಊರು ತಾನು ಮಾಡಿದ ತಪ್ಪನ್ನು ಕಳಿಯಾಟ ಎಂಬ ತೆಯ್ಯಂ ಉತ್ಸವದ ನಡುವೆ, ಎಲ್ಲರ ಎದುರು, ತಾನೇ ಕೇಳಿಸಿಕೊಳ್ಳುತ್ತದೆ. ಇದು ಸಣ್ಣ ವಿಷಯ ಅಲ್ಲ.

ಆದರೆ ಇಲ್ಲಿ ನಿಲ್ಲಲು ನನಗೆ ಆಗುವುದಿಲ್ಲ. ಅವಳಿಗೆ ಈ ಮರ್ಯಾದೆ ಸಿಕ್ಕಿದ್ದು ಸತ್ತ ಮೇಲೆ. ಆ ವೇಷ ಕಟ್ಟುವವರೂ ಗಂಡಸರೇ. ದೇವಿಯಾದವಳಿಗೆ ಕೈಮುಗಿಯಬಹುದು, ಅವಳು ಪೊಲೀಸ್ ಠಾಣೆಗೆ ಹೋಗಿ ದೂರು ಕೊಡಲಾರಳು. 2014ರಲ್ಲಿ ಬಂದ ಪ್ರಿಯಾ ಎಂಬ ಹುಡುಗಿಯ ಕಾಮಿಕ್ಸಿನಲ್ಲೂ ನನಗೆ ಇದೇ ತಕರಾರು. 2012ರ ದೆಹಲಿ ಘಟನೆಯ ನಂತರ ಹುಟ್ಟಿದ ಕಥೆ ಅದು. ಅತ್ಯಾಚಾರಕ್ಕೆ ಒಳಗಾದ ಹಳ್ಳಿ ಹುಡುಗಿ ಪಾರ್ವತಿಯ ಸಹಾಯದಿಂದ ಹುಲಿಯೇರಿ ಊರಿಗೆ ಮರಳುತ್ತಾಳೆ. ಮಕ್ಕಳಿಗೆ ಇಷ್ಟವಾಯಿತು, ಧೈರ್ಯ ಕೊಟ್ಟಿತು, ಒಪ್ಪುತ್ತೇನೆ. ಆದರೆ ಹುಲಿ ಸಿಗದ ಹುಡುಗಿಗೂ ಊರಲ್ಲಿ ತಲೆಯೆತ್ತಿ ನಡೆಯಲು ಆಗಬೇಕು ಅಲ್ವಾ?

ಮೈಯನ್ನು ತೋರಿಸಿಯೂ ನೋಡುವವರನ್ನು ಸರಿಯಾದ ಕಡೆ ನಿಲ್ಲಿಸಬಹುದು. ಜರ್ಮನಿಯ ಕೇಟೆ ಕೋಲ್ವಿಟ್ಸ್ 1907ರ ಸುಮಾರಿಗೆ ರೈತ ದಂಗೆಯ ಬಗ್ಗೆ ಮಾಡಿದ ಮುದ್ರಣಚಿತ್ರಗಳ ಸರಣಿಯಲ್ಲಿ ಒಂದು ಅತ್ಯಾಚಾರದ ಚಿತ್ರ ಇದೆ. ತುಳಿದು ಹಾಳಾದ ಗಿಡಗಳ ನಡುವೆ ರೈತ ಹೆಂಗಸು ಬಿದ್ದಿದ್ದಾಳೆ. ಪಾದ ನಮ್ಮ ಕಡೆಗೆ, ತಲೆ ಹಿಂದಕ್ಕೆ ಜೋತಿದೆ. ಎಲೆ ಬಳ್ಳಿಗಳ ಗೊಂದಲದಲ್ಲಿ ಮೊದಲು ಅವಳು ಕಾಣುವುದೇ ಇಲ್ಲ, ಹುಡುಕಬೇಕು. ಆಮೇಲೆ ಬೇಲಿಯ ಆಚೆ ಒಂದು ಮಗುವಿನ ತಲೆ ಕಾಣುತ್ತದೆ. ಮಗು ನೋಡುತ್ತಿದೆ. ಆ ಮಗುವನ್ನು ಕಂಡ ಮೇಲೆ ನಾವು ಸುಮ್ನೆ ನೋಡುವವರಾಗಿ ಉಳಿಯುವುದಿಲ್ಲ. ಇದನ್ನು ಇನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಚಿಂತೆ ನಮ್ಮದಾಗುತ್ತದೆ.

1970ರ ದಶಕದಿಂದ ಈಚೆಗೆ ಹಲವು ಕಲಾವಿದೆಯರು ಮೈಯನ್ನು ಚಿತ್ರದಿಂದ ಹೊರಗೆ ತೆಗೆದೇಬಿಟ್ಟರು. ನನಗೆ ಅತಿ ಮುಖ್ಯ ಅನ್ನಿಸುವ ತಿರುವು ಇದು.

ಅಮೆರಿಕದ ಸುಝಾನ್ ಲೇಸಿ 1977ರ ಮೇ ತಿಂಗಳಲ್ಲಿ ಲಾಸ್ ಏಂಜಲೀಸ್‌ನ ಸಾರ್ವಜನಿಕ ಜಾಗದಲ್ಲಿ ಊರಿನ ದೊಡ್ಡ ನಕ್ಷೆ ಹಾಕಿದರು. ಮೂರು ವಾರ ದಿನಾಲೂ ಪೊಲೀಸರಿಂದ ಹಿಂದಿನ ದಿನದ ವರದಿ ತಂದು, ಅತ್ಯಾಚಾರ ನಡೆದ ಜಾಗದ ಮೇಲೆ ಕೆಂಪು ಅಕ್ಷರದ ಮುದ್ರೆ ಒತ್ತಿದರು. ಪ್ರತಿ ಮುದ್ರೆಯ ಸುತ್ತ ಇನ್ನೂ ಒಂಬತ್ತು ಮಸುಕಾದ ಮುದ್ರೆ, ದೂರು ದಾಖಲಾಗದ ಪ್ರಕರಣಗಳಿಗೆ. ದಿನ ಕಳೆದಂತೆ ನಕ್ಷೆ ಕೆಂಪಾಗುತ್ತ ಹೋಯಿತು. ಪಕ್ಕದಲ್ಲೇ ಇನ್ನೊಂದು ನಕ್ಷೆ, ಸಹಾಯ ಎಲ್ಲಿ ಸಿಗುತ್ತದೆ ಎಂದು ತೋರಿಸುವುದು. ಒಬ್ಬ ಹೆಂಗಸಿನ ಮುಖವೂ ಅಲ್ಲಿಲ್ಲ. ಆದರೆ ಆ ದಾರಿಯಲ್ಲಿ ಹೋಗುವವರು ತಮ್ಮ ಬೀದಿಯನ್ನು ಹುಡುಕುತ್ತಾರೆ. ಇದು ಯಾರದೋ ಕಷ್ಟ ಅನ್ನಲು ಆಗುವುದಿಲ್ಲ. ನಮ್ಮ ರಸ್ತೆ, ನಮ್ಮ ಬಸ್‌ಸ್ಟಾಂಡು.

ಮೆಕ್ಸಿಕೋದ ಎಲೀನಾ ಚೌವೆಟ್ 2009ರಲ್ಲಿ ಸಿಯುದಾದ್ ಹುವಾರೆಸ್ ಪಟ್ಟಣದಲ್ಲಿ ಕೆಂಪು ಶೂಗಳನ್ನು ಬೀದಿಯಲ್ಲಿ ಸಾಲಾಗಿ ಇಟ್ಟರು. ಕಾಣೆಯಾದ, ಕೊಲೆಯಾದ ಹೆಂಗಸರಿಗಾಗಿ. ಶುರುವಾದದ್ದು 33 ಜೋಡಿಯಿಂದ. ಆಮೇಲೆ ಬೇರೆ ಬೇರೆ ದೇಶದ ಬೀದಿಗಳಿಗೂ ಹೋಯಿತು. ನಮ್ಮಲ್ಲಿ ಲೀನಾ ಕೇಜ್ರಿವಾಲ್ ಅವರ ಕಪ್ಪು ಹುಡುಗಿಯ ಆಕೃತಿಗಳು ಊರೂರಿನ ಗೋಡೆಗೆ ಬಂದವು, ಮಾರಾಟವಾಗುವ ಹೆಣ್ಣುಮಕ್ಕಳ ಬಗ್ಗೆ. ಅವು ಕೂಡ ಮುಖ ಇಲ್ಲದವೇ. ಆದರೆ ನಿಂತಿರುತ್ತವೆ. ಗೋಡೆಯಲ್ಲಿ ಹುಡುಗಿಯ ಆಕಾರದ ತೂತು ಬಿದ್ದ ಹಾಗೆ ಕಾಣುತ್ತದೆ.

ಬೆಂಗಳೂರಿನಲ್ಲಿ ಜಸ್ಮೀನ್ ಪಥೇಜಾ 2003ರಲ್ಲಿ, ಸೃಷ್ಟಿ ಕಲಾಶಾಲೆಯಲ್ಲಿ ಓದುತ್ತಿದ್ದಾಗ, ಬ್ಲ್ಯಾಂಕ್ ನಾಯ್ಸ್ ಶುರು ಮಾಡಿದರು. ಬೀದಿಯಲ್ಲಿ ಕಿರುಕುಳ ಆದಾಗ ಹಾಕಿದ್ದ ಬಟ್ಟೆಯನ್ನು ತಂದುಕೊಡಿ ಎಂದು ಹೆಂಗಸರನ್ನು ಕೇಳಿದರು. ಬಟ್ಟೆಗಳು ಬಂದವು. ಏನು ಹಾಕಿದ್ದೆ ಎಂದು ಕೇಳುವ ಊರಿಗೆ ಬಟ್ಟೆಗಳೇ ಉತ್ತರ ಕೊಟ್ಟವು. ಅಮೆರಿಕದ ಅರ್ಕಾನ್ಸಾ ವಿಶ್ವವಿದ್ಯಾಲಯದಲ್ಲಿ 2014ರಲ್ಲಿ ಶುರುವಾದ ಪ್ರದರ್ಶನವೂ ಇದೇ ಪ್ರಶ್ನೆಯದ್ದು. 2018ರಲ್ಲಿ ಬ್ರಸೆಲ್ಸ್‌ನಲ್ಲಿ ಇಂಥದೇ ಪ್ರದರ್ಶನ ಆದಾಗ ಅಲ್ಲಿ ಪೈಜಾಮಾ ಇತ್ತು, ಆಟದ ಪ್ಯಾಂಟು ಇತ್ತು, ಕುದುರೆ ಬೊಂಬೆಯ ಚಿತ್ರ ಇದ್ದ ಮಗುವಿನ ಅಂಗಿ ಇತ್ತು. ಆ ಅಂಗಿಯ ಎದುರು ನಿಂತ ಮೇಲೆ ಉಡುಪಿನ ಬಗ್ಗೆ ಉಪದೇಶ ಮಾಡಲು ಯಾರಿಗೂ ಬಾಯಿ ಬರಲಿಕ್ಕಿಲ್ಲ.

ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಇನ್ನೂ ಮುಂದಕ್ಕೆ ಹೋದರು. 1998ರ ಅವರ ಒಂದು ಕೃತಿಯಲ್ಲಿ ಬಟ್ಟೆಯೂ ಇಲ್ಲ. ನೂರಾರು ಅಡಿ ಉದ್ದದ ದಾರವನ್ನು ಸೂಜಿಯ ಕಣ್ಣಲ್ಲಿ ತೂರಿಸಿ, ಗೋಂದು ಕುಂಕುಮ ಹಚ್ಚಿ, ಹಗ್ಗದ ಹಾಗೆ ಸೇರಿಸಿ ಕೋಣೆ ತುಂಬ ತೂಗಿಬಿಟ್ಟಿದ್ದಾರೆ. ತುದಿಯಲ್ಲಿ ಸೂಜಿಗಳ ಗೊಂಚಲು. ನೋಡಿದರೆ ಹಗ್ಗ, ಕರುಳು, ಹೊಕ್ಕುಳ ಬಳ್ಳಿ ಏನೆಂದರೂ ಸರಿ. ಯಾರು ಯಾರನ್ನು ಹೊಡೆದರು ಎಂದು ಅದು ಹೇಳುವುದಿಲ್ಲ. ಆದರೆ ಆ ದಾರವನ್ನು ಒಂದೊಂದಾಗಿ ಎಳೆದ ಕೈಯ ದುಡಿಮೆ, ಮುತ್ತೈದೆತನದ ಕುಂಕುಮ, ಚುಚ್ಚುವ ಸೂಜಿ ಎಲ್ಲ ಒಟ್ಟಿಗೆ ಬಂದಾಗ ಅಡುಗೆಮನೆಯ ಬಾಗಿಲ ಹಿಂದೆ ನಡೆಯುವುದರ ಭಾರ ತಟ್ಟುತ್ತದೆ. ಸಮೀಕ್ಷೆಯ ಆ ಶೇ. 44ರ ಬಗ್ಗೆ ನಾನು ಕಂಡ ಗಟ್ಟಿ ಕಲಾಕೃತಿ ಇದೇ, ಅವರು ಆ ಸಂಖ್ಯೆಯನ್ನು ಯೋಚಿಸಿ ಮಾಡದಿದ್ದರೂ.

ಇಷ್ಟೆಲ್ಲ ಕಲಿತ ಮೇಲೂ ಎಡವುತ್ತೇವೆ. 2024ರ ಆಗಸ್ಟ್ 9ರಂದು ಕೋಲ್ಕತ್ತಾದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಯುವ ವೈದ್ಯೆಯ ಮೇಲೆ ಅತ್ಯಾಚಾರ, ಕೊಲೆ ನಡೆಯಿತು. ರಸ್ತೆಗಳು ಚಿತ್ರಗಳಿಂದ ತುಂಬಿದವು. ಅಕ್ಟೋಬರ್ 2ರಂದು, ಮಹಾಲಯದ ದಿನ, ಆಸ್ಪತ್ರೆಯ ಆವರಣದಲ್ಲಿ ಒಂದು ಶಿಲ್ಪ ಇಟ್ಟರು. ಶಿಲ್ಪಿ ಅಸಿತ್ ಸೈನ್ ಅದನ್ನು ಮಾಡಿಕೊಟ್ಟಿದ್ದರು. ಮೇಲೆ ನೋಡುತ್ತ ಚೀರುವ ಹೆಂಗಸಿನ ಮುಖ, ಆಕೆಯ ಕೊನೆಯ ಗಳಿಗೆಯ ನೋವು ಎಂಬ ಭಾವ. ಕೂಡಲೇ ವಿರೋಧ ಬಂತು. ಆಕೆಯ ನಗುಮುಖ ನೆನಪಿಡಬೇಕಿತ್ತು, ಈ ಸಂಕಟವನ್ನು ಯಾಕೆ ಕಲ್ಲು ಮಾಡಿ ನಿಲ್ಲಿಸಿದಿರಿ ಎಂದರು ಕೆಲವರು. ಇದು ಆಕೆಯ ಮುಖ ಅಲ್ಲ, ನೋವಿನ ಸಂಕೇತ ಎಂದು ವೈದ್ಯರು ಉತ್ತರಿಸಿದರು. ಅವರ ಸಂಕಟ, ಸಿಟ್ಟು ನಿಜ. ಆದರೂ ನಾನು ವಿರೋಧಿಸಿದವರ ಕಡೆಗೇ ಇದ್ದೇನೆ. ದಿನಾಲೂ ಅದೇ ಆವರಣದಲ್ಲಿ ನೈಟ್ ಡ್ಯೂಟಿಗೆ ಹೋಗುವ ಹೆಣ್ಣುಮಕ್ಕಳು ಆ ಚೀರುವ ಮುಖದ ಎದುರು ಹಾದುಹೋಗಬೇಕು. ಅದು ಅವರಿಗೆ ಬಲ ಕೊಡುತ್ತದೆಯೇ, ಹೆದರಿಕೆಯೇ? ಆ ಜಾಗದಲ್ಲಿ ಡ್ಯೂಟಿ ರೂಮಿನ ಬಾಗಿಲನ್ನು, ಮುರಿದ ಬೀಗವನ್ನು ಯಾರಾದರೂ ಶಿಲ್ಪ ಮಾಡಿದ್ದರೆ ನೋಟ ಆಡಳಿತದ ಕಡೆ ತಿರುಗುತ್ತಿತ್ತು.

ಕಾನೂನೂ ಇಲ್ಲಿ ಮುಖ್ಯ. ಅತ್ಯಾಚಾರಕ್ಕೆ ಒಳಗಾದವರ ಗುರುತು ಬಯಲಾಗುವಂಥ ಏನನ್ನೂ ಪ್ರಕಟಿಸಬಾರದು ಎಂಬ ನಿಯಮ ಮೊದಲು ಐಪಿಸಿಯ 228ಎ ಕಲಮಿನಲ್ಲಿತ್ತು. ಈಗ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಲ್ಲಿದೆ. ಎರಡು ವರ್ಷದ ತನಕ ಶಿಕ್ಷೆ ಇದೆ. ಬದುಕುಳಿದವಳು ತಾನೇ ಬರೆದು ಒಪ್ಪಿಗೆ ಕೊಟ್ಟರೆ ವಿನಾಯಿತಿ ಇದೆ. ಕೋಲ್ಕತ್ತಾದ ಪ್ರಕರಣದಲ್ಲಿ ಆಕೆಯ ಹೆಸರು, ಫೋಟೋ ಎಲ್ಲವನ್ನೂ ಸಾಮಾಜಿಕ ಜಾಲತಾಣಗಳಿಂದ ತೆಗೆಯಿರಿ ಎಂದು ಸುಪ್ರೀಂ ಕೋರ್ಟ್ ಆಗಸ್ಟಿನಲ್ಲೇ ಹೇಳಬೇಕಾಯಿತು. ಪ್ರೀತಿಯಿಂದ, ಗೌರವದಿಂದ ಬಿಡಿಸಿದ ಭಾವಚಿತ್ರಗಳೂ ಅದರಲ್ಲಿದ್ದವು. ಒಳ್ಳೆಯ ಉದ್ದೇಶದಿಂದ ಬಿಡಿಸಿದರೂ ಕಾನೂನಿಗೆ ಅದು ಗುರುತೇ. ಈಗಂತೂ ಯಾವ ಹುಡುಗಿಯ ಫೋಟೋವನ್ನೂ ಫೋನಿನಲ್ಲೇ ಬತ್ತಲೆ ಮಾಡಿ ಹಂಚುವ ಕಾಲ. ಚಿತ್ರವೇ ಹಲ್ಲೆಯ ಆಯುಧ ಆಗಿರುವಾಗ ಕಲಾವಿದರು ಒಂದು ಮುಖವನ್ನು ಬಳಸುವ ಮೊದಲು ಎರಡು ಸಲ ಯೋಚಿಸಬೇಕು.

ಆದರೆ ಹೆಂಗಸರು ತಮ್ಮ ಮೈಯನ್ನು ತಾವೇ ಮುಂದಿಟ್ಟಾಗ ಲೆಕ್ಕ ಬೇರೆ. 2004ರ ಜುಲೈ 15ರಂದು ಇಂಫಾಲದ ಕಾಂಗ್ಲಾ ಕೋಟೆಯ ಬಾಗಿಲಲ್ಲಿ 12 ಮಂದಿ ತಾಯಂದಿರು ಬಟ್ಟೆ ಕಳಚಿ, ಬ್ಯಾನರ್ ಹಿಡಿದು ಸೇನೆಯ ಎದುರು ನಿಂತರು. ಮನೋರಮಾ ಎಂಬ ಯುವತಿಯ ಹತ್ಯೆಗೆ ಪ್ರತಿಭಟನೆ ಅದು. ಆ ಫೋಟೋಗಳಲ್ಲಿ ತಲೆ ತಗ್ಗಿಸಬೇಕಾದವರು ಯಾರು ಎಂಬುದರಲ್ಲಿ ಯಾರಿಗೂ ಸಂಶಯ ಬರುವುದಿಲ್ಲ. ಅದನ್ನು ಕಲೆ ಎನ್ನಬೇಕೋ ಬೇಡವೋ ಎಂಬ ಚರ್ಚೆಯಲ್ಲಿ ನನಗೆ ಆಸಕ್ತಿ ಇಲ್ಲ. ಆಮೇಲೆ ಬಂದ ಎಷ್ಟೋ ಚಿತ್ರ, ನಾಟಕಗಳ ಮೇಲೆ ಅದರ ಬೆಳಕು ಬಿದ್ದಿದೆ.

ಬತ್ತಲೆ ಎಂದ ಕೂಡಲೇ ಬೆಚ್ಚುವವರು ನಮ್ಮಲ್ಲಿ ಕಡಿಮೆ ಇಲ್ಲ. ನಮ್ಮ ಜಿಲ್ಲೆಯ ಚೆರುವತ್ತೂರಿನ ಕಡೆಯವರಾದ ಶಿಲ್ಪಿ ಕಾನಾಯಿ ಕುಞ್ಞಿರಾಮನ್ 1969ರಲ್ಲಿ ಮಲಂಪುಳ ಅಣೆಕಟ್ಟಿನ ತೋಟದಲ್ಲಿ ಯಕ್ಷಿಯನ್ನು ಮಾಡಿದಾಗ ದೊಡ್ಡ ಗಲಾಟೆ ಆಗಿತ್ತು. 30 ಅಡಿಯ ಯಕ್ಷಿ ಬಟ್ಟೆಯಿಲ್ಲದೆ, ತಲೆ ಎತ್ತಿ, ಯಾರ ಹಂಗೂ ಇಲ್ಲದೆ ಕೂತಿದ್ದಾಳೆ. ಅವಳಿಗೆ ಹೆದರಿಕೆಯೂ ಇಲ್ಲ, ನಾಚಿಕೆಯೂ ಇಲ್ಲ. ಬಹುಶಃ ಜನರಿಗೆ ಸಹಿಸಲಾಗದ್ದು ಅದೇ. 2018ರಲ್ಲಿ ಕಠುವಾದ ಎಂಟು ವರ್ಷದ ಮಗುವಿನ ಮೇಲಿನ ಅತ್ಯಾಚಾರ, ಕೊಲೆಯನ್ನು ವಿರೋಧಿಸಿ ಪಾಲಕ್ಕಾಡು ಜಿಲ್ಲೆಯ ಕಲಾವಿದೆ ದುರ್ಗಾ ಮಾಲತಿ ಚಿತ್ರ ಬಿಡಿಸಿದರು. ಬೆದರಿಕೆಗಳು ಬಂದವು, ಮನೆಗೆ ಕಲ್ಲು ಬಿತ್ತು. ಚಿತ್ರದಲ್ಲಿ ಬಳಸಿದ ಸಂಕೇತ ಧರ್ಮಕ್ಕೆ ಅಪಮಾನ ಎಂಬುದು ಎಸೆದವರ ವಾದ. ಮೂಲೆಯಲ್ಲಿ ಅಳುವ ಹುಡುಗಿಯನ್ನು ಬಿಡಿಸಿದ್ದರೆ ಯಾರೂ ಕಲ್ಲು ಎಸೆಯುತ್ತಿರಲಿಲ್ಲ. ಯಾರನ್ನೂ ಕೆರಳಿಸದ ಚಿತ್ರವೇ ಎಲ್ಲ ಕಡೆ ಯಾಕೆ ಹರಡುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಕಲಾಲೋಕವೂ ಹೊರತಲ್ಲ. 2018ರ ಮೀಟೂ ಹೊತ್ತಿಗೆ ಭಾರತದ ಹೆಸರಾಂತ ಕಲಾವಿದರ ಮೇಲೆಯೇ ಆರೋಪಗಳು ಬಂದವು, ಕೊಚ್ಚಿ ಬಿನಾಲೆ ಎಂಬ ದೊಡ್ಡ ಕಲಾಪ್ರದರ್ಶನದ ಸುತ್ತಮುತ್ತಲೂ ಬಂದವು. ಅದೇ ವರ್ಷದ ಬಿನಾಲೆಯನ್ನು ಅನಿತಾ ದುಬೆ ರೂಪಿಸಿದ್ದರು, ಆ ಹೊಣೆ ಹೊತ್ತ ಮೊದಲ ಹೆಂಗಸು. ಗೋಡೆಯ ಮೇಲೆ ಹೆಣ್ಣಿನ ಮಾತು ಇದ್ದಮಾತ್ರಕ್ಕೆ ಗ್ಯಾಲರಿಯ ಒಳಗೆ ಹೆಣ್ಣಿಗೆ ಸುರಕ್ಷತೆ ಇದೆ ಎಂದಾಗುವುದಿಲ್ಲ. ಮಲಯಾಳ ಚಿತ್ರರಂಗದ ಬಗ್ಗೆ ಹೇಮಾ ಸಮಿತಿ 2019ರ ಕೊನೆಗೆ ಕೊಟ್ಟ ವರದಿ ಹೊರಬಂದದ್ದು 2024ರ ಆಗಸ್ಟಿನಲ್ಲಿ. ದೃಶ್ಯ ಕಟ್ಟುವವರ ನಡುವೆ ಏನು ನಡೆಯುತ್ತದೆ ಎಂಬುದನ್ನು ಓದಲು ನಾವು ನಾಲ್ಕೂವರೆ ವರ್ಷ ಕಾದೆವು.

ಈಗ ನಮ್ಮ ಊರಿಗೆ ಬರೋಣ. ಕಾಸರಗೋಡಿನಲ್ಲಿ ಗ್ಯಾಲರಿ ಹುಡುಕಿಕೊಂಡು ಹೋಗುವವರು ಕಡಿಮೆ. ಆದರೆ ಶಾಲಾ ಮಕ್ಕಳ ಕಲೋತ್ಸವ ಇದೆ. ಪ್ರತಿ ವರ್ಷ ಸಾವಿರಾರು ಮಕ್ಕಳು ಪೆನ್ಸಿಲ್, ಜಲವರ್ಣ, ಏಕಾಭಿನಯ, ಮೂಕಾಭಿನಯ, ಯಕ್ಷಗಾನ ಎಂದು ಸೇರುತ್ತಾರೆ. ಕನ್ನಡ ಮಾಧ್ಯಮದ ಮಕ್ಕಳೂ ಇದ್ದಾರೆ. ಏಕಾಭಿನಯದಲ್ಲಿ ಪ್ರತಿ ಸಲ ಹೆಣ್ಣಿನ ಮೇಲಿನ ಹಿಂಸೆಯ ಕಥೆ ಬರುತ್ತದೆ. ಹದಿಮೂರು ವರ್ಷದ ಹುಡುಗಿ ವೇದಿಕೆಯಲ್ಲಿ ಬಿದ್ದು ಹೊರಳಿ ಚೀರಿದರೆ ಚಪ್ಪಾಳೆ, ಅಂಕ. ತರಬೇತಿ ಕೊಡುವ ಟೀಚರುಗಳು ಇದನ್ನು ಬದಲಾಯಿಸಬಹುದು. ಆ ಹುಡುಗಿಗೆ ಬಿದ್ದವಳ ಪಾತ್ರದ ಬದಲು ಕಂಡೂ ಸುಮ್ಮನಿದ್ದ ಪಕ್ಕದ ಮನೆಯವಳ ಪಾತ್ರ ಕೊಡಿ. ದೂರು ಬರೆಸಿಕೊಳ್ಳದ ಪೊಲೀಸಿನವನ ಪಾತ್ರ ಕೊಡಿ. ಚಿತ್ರಕ್ಕೆ ಕೂತ ಮಕ್ಕಳಿಗೆ ಒಂದು ಹೆಂಗಸಿನ ಆಕಾರವನ್ನೂ ಬಿಡಿಸದೆ ಈ ವಿಷಯ ಬಿಡಿಸಿ ಎಂದು ಹೇಳಿ ನೋಡಿ. ಬಸ್ಸಿನ ಕಂಬಿ, ಟ್ಯೂಷನ್ ಮನೆಯ ಚಪ್ಪಲಿ, ಅಜ್ಜನ ಈಜಿಚೇರು. ಏನು ಬರುತ್ತದೋ ಮಕ್ಕಳಿಗೇ ಗೊತ್ತು. ಅದನ್ನು ಎಚ್ಚರದಿಂದ ನೋಡುವ ದೊಡ್ಡವರು ಪಕ್ಕದಲ್ಲಿ ಇರಬೇಕು. ಯಾಕೆಂದರೆ ಕೆಲವು ಚಿತ್ರ ಕಲ್ಪನೆಯಿಂದ ಬಂದಿರುವುದಿಲ್ಲ. ಅಂಥ ಚಿತ್ರಕ್ಕೆ ಬಹುಮಾನ ಕೊಟ್ಟು ಕಳಿಸಿದರೆ ಮುಗಿಯಲಿಲ್ಲ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು.

ಬೆಂಗಳೂರಿನ ಬಟ್ಟೆ ಪ್ರದರ್ಶನವನ್ನು ಇಲ್ಲಿ ಹಾಗೇ ತರಲು ಆಗುವುದಿಲ್ಲ. ಬದಿಯಡ್ಕದಂಥ ಪೇಟೆಯಲ್ಲಿ ಒಂದು ಚೂಡಿದಾರ ತೂಗಿಸಿದರೆ ಇದು ಯಾರದ್ದು ಎಂದು ಸಂಜೆಯೊಳಗೆ ಹೇಳುವವರು ಸಿಗುತ್ತಾರೆ. ಶಾಲೆಯ ಯೂನಿಫಾರ್ಮ್ ಆದರಂತೂ ಮುಗಿಯಿತು. ಅದಕ್ಕೆ ದಾರಿ ಇದೆ. ಅರ್ಕಾನ್ಸಾದವರು ನಿಜವಾದ ಬಟ್ಟೆ ಇಡಲಿಲ್ಲ. ಬದುಕುಳಿದವರು ಹೇಳಿದ ವಿವರ ಕೇಳಿ, ದಾನವಾಗಿ ಬಂದ ಬಟ್ಟೆಗಳಿಂದ ಅಂಥದೇ ಉಡುಪು ಜೋಡಿಸಿದರು. ಇಲ್ಲಿಯೂ ಬೇರೆ ಜಿಲ್ಲೆಯ ವಿವರ ತರಿಸಿ, ನಮ್ಮ ಕುಡುಂಬಶ್ರೀ ಸ್ವಸಹಾಯ ಗುಂಪಿನ ಹೆಂಗಸರು ಹೊಲಿದು ಇಡಬಹುದು. ಗ್ರಂಥಾಲಯದ ಹಾಲ್ ಸಾಕು.

ಲೇಸಿಯ ನಕ್ಷೆಯಲ್ಲಿ ನನಗೆ ಹೆಚ್ಚು ಬೇಕಾದದ್ದು ಎರಡನೆಯದು. ಮಂಜೇಶ್ವರ, ಪೈವಳಿಕೆ, ಎಣ್ಮಕಜೆ ಕಡೆಯ ಹೆಂಗಸಿಗೆ ರಾತ್ರಿ ಹೊಡೆತ ಬಿದ್ದರೆ ಎಲ್ಲಿಗೆ ಹೋಗಬೇಕು? ಹೆಂಗಸರ ಸಹಾಯವಾಣಿ 181 ಇದೆ, ಕುಡುಂಬಶ್ರೀಯ ಸ್ನೇಹಿತಾ ಸಹಾಯ ಕೇಂದ್ರ ಇದೆ, ಸಖಿ ಕೇಂದ್ರ ಇದೆ, ಸರಕಾರಿ ಆಸ್ಪತ್ರೆಯಲ್ಲಿ ಭೂಮಿಕಾ ಎಂಬ ಕೇಂದ್ರ ಇದೆ. ಇವುಗಳ ಪೋಸ್ಟರು ಹೆಚ್ಚಾಗಿ ಕಾಣುವುದು ಮಲಯಾಳದಲ್ಲಿ. ಮನೆಯಲ್ಲಿ ಕನ್ನಡವೋ ತುಳುವೋ ಮರಾಠಿಯೋ ಆಡಿ, ಶಾಲೆಯಲ್ಲಿ ಕನ್ನಡ ಮಾತ್ರ ಓದಿದವಳು ಅದರಲ್ಲಿ ಓದುವುದು ಆ ಮೂಲೆಯ ಹುಡುಗಿಯ ಚಿತ್ರವನ್ನಷ್ಟೇ. ಸಂಖ್ಯೆ, ಜಾಗ, ಬಸ್ಸು ಇಳಿಯುವ ಸ್ಟಾಪು, ಅಲ್ಲಿ ಕನ್ನಡ ಗೊತ್ತಿರುವವರು ಯಾವಾಗ ಸಿಗುತ್ತಾರೆ, ಇಷ್ಟನ್ನು ದೊಡ್ಡ ನಕ್ಷೆ ಮಾಡಿ ಎರಡೂ ಲಿಪಿಯಲ್ಲಿ ಬಸ್‌ಸ್ಟಾಂಡಿನ ಗೋಡೆಗೆ ಬರೆಯಲು ನಮ್ಮ ಚಿತ್ರಕಲಾ ಟೀಚರುಗಳು, ಕ್ಲಬ್ಬಿನ ಹುಡುಗರು, ಹುಡುಗಿಯರು ಸಾಕು. ಪಂಚಾಯತಿಗೆ ಅರ್ಜಿ ಕೊಟ್ಟು ಗೋಡೆ ಕೇಳಬೇಕು. ಬಣ್ಣದ ಖರ್ಚಿಗೆ ಊರಿನ ಅಂಗಡಿಯವರು ಕೊಟ್ಟಾರು. ಬರೆಯುವ ಮೊದಲು ಪ್ರತಿ ಸಂಖ್ಯೆಗೂ ಕರೆ ಮಾಡಿ, ಕನ್ನಡದಲ್ಲಿ ಮಾತಾಡಿ, ಆ ಕಡೆಯಿಂದ ಉತ್ತರ ಬರುತ್ತದೆಯೇ ಎಂದು ನೋಡಿಕೊಳ್ಳಬೇಕು. ಬರದಿದ್ದರೆ ಆ ಸಂಖ್ಯೆಯ ಪಕ್ಕ ಖಾಲಿ ಜಾಗ ಬಿಟ್ಟು, ಯಾಕೆ ಖಾಲಿ ಎಂಬುದನ್ನೂ ಅಲ್ಲೇ ಬರೆಯಬೇಕು.